ಅಂಚೆಪೆಟ್ಟಿಗೆಯ ಮೇಲೊಂದು ಹೆಸರು: ಬರ್ಲಿನ್ನಿಗೆ ಹೊರಟ ಎಂಜಿನಿಯರುಗಳಿಗೆ

ಆಫರ್ ಲೆಟರ್ ಬಂದ ದಿನ ಮನೆಯಲ್ಲಿ ಮೊದಲು ನಡೆಯುವುದು ಗುಣಾಕಾರ. ವರ್ಷಕ್ಕೆ 60,000 ಯೂರೊ ಅಂದರೆ ಎಷ್ಟು ಲಕ್ಷವಾಯಿತು ಎಂದು ಅಪ್ಪ ಕೇಳುತ್ತಾರೆ. ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದ ಮೊತ್ತ ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ತಲುಪಿರುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಬರ್ಲಿನ್ನಿಗೆ ಹೊರಟು ನಿಂತ ಹುಡುಗ ಹುಡುಗಿಯರು ನನಗೆ ಫೋನ್ ಮಾಡಿದಾಗಲೂ ಮೊದಲ ಪ್ರಶ್ನೆ ಇದೇ: ‘ಈ ಸಂಬಳದಲ್ಲಿ ಅಲ್ಲಿ ಬದುಕಬಹುದಾ ಸರ್?’ ಬದುಕಬಹುದು. ಆದರೆ ಈ ಊರಿನಲ್ಲಿ ನೆಲೆ ನಿಲ್ಲುವುದು ಸಂಬಳದ ಮೇಲಷ್ಟೇ ಅಲ್ಲ, ಕಾಗದದ ಮೇಲೆ. ಬಾಡಿಗೆ ಮನೆಯಿಂದ ಹಿಡಿದು ಕೆಲಸ ಕಳೆದುಕೊಳ್ಳುವ ದಿನದವರೆಗೆ, ದುಡಿಯುವವರಿಗೆ ಇಲ್ಲಿನ ಕಾನೂನು ಕೊಟ್ಟಿರುವ ರಕ್ಷಣೆ ದೊಡ್ಡದು. ಅದಷ್ಟೂ ಜರ್ಮನ್ ಭಾಷೆಯಲ್ಲಿ ಅಚ್ಚಾಗಿ, ಲಕೋಟೆಯೊಳಗೆ ಮನೆಗೆ ಬರುತ್ತದೆ. ಓದಿ ತಿಳಿದುಕೊಂಡವರಿಗೆ ಅದು ದಕ್ಕುತ್ತದೆ, ಓದದೆ ಡ್ರಾಯರಿಗೆ ಹಾಕಿದವರಿಗೆ ದಕ್ಕುವುದಿಲ್ಲ.

ಸಂಬಳದ ಚೀಟಿಯಿಂದಲೇ ಶುರು ಮಾಡೋಣ. 60,000 ಯೂರೊ ಅಂದರೆ ತಿಂಗಳಿಗೆ 5,000. ಮದುವೆಯಾಗದ, ಮಕ್ಕಳಿಲ್ಲದ ಎಂಜಿನಿಯರಿನ ಬ್ಯಾಂಕ್ ಖಾತೆಗೆ ಅದರಲ್ಲಿ ಬಂದು ಬೀಳುವುದು ಸುಮಾರು 3,100 ಯೂರೊ. ಮೊದಲ ತಿಂಗಳು ಎದೆ ಧಸಕ್ಕೆನ್ನುವುದು ಸಹಜ. ಪಿಂಚಣಿ ವಿಮೆಗೆ ಶೇ 9.3, ನಿರುದ್ಯೋಗ ವಿಮೆಗೆ ಶೇ 1.3, ಆರೋಗ್ಯ ವಿಮೆಗೆ ಶೇ 8ರಿಂದ 9, ವೃದ್ಧಾಪ್ಯದ ಆರೈಕೆ ವಿಮೆಗೆ ಮತ್ತೆ ಎರಡು ಚಿಲ್ಲರೆ, ಇವೆಲ್ಲ ಕಳೆದ ಮೇಲೆ ಆದಾಯ ತೆರಿಗೆ. ನಮ್ಮ ಸಿಟಿಸಿ ಲೆಕ್ಕಕ್ಕೆ ಒಗ್ಗಿದವರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಬೆಂಗಳೂರಿನಲ್ಲಿ ಕಂಪನಿ ಕಟ್ಟುವ ಪಿಎಫ್ ಪಾಲನ್ನೂ ಗ್ರಾಚ್ಯುಟಿಯನ್ನೂ ಸೇರಿಸಿಯೇ ಸಿಟಿಸಿ ಎಂದು ದೊಡ್ಡದಾಗಿ ತೋರಿಸುತ್ತಾರೆ. ಜರ್ಮನಿಯಲ್ಲಿ ಕಂಪನಿ ಕಟ್ಟುವ ವಿಮೆಯ ಪಾಲು ಒಪ್ಪಂದದ 60,000ದೊಳಗೆ ಬರುವುದೇ ಇಲ್ಲ, ಅದು ಹೊರಗಿನ ಖರ್ಚು. ಹೀಗಾಗಿ ಎರಡೂ ಊರಿನ ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹೋದ ಹಣ ಎಲ್ಲಿಗೆ ಹೋಯಿತು? ಕಾಯಿಲೆ ಬಿದ್ದರೆ ಆರು ವಾರ ಪೂರ್ತಿ ಸಂಬಳವನ್ನು ಕಂಪನಿಯೇ ಕೊಡಬೇಕು. ಆಮೇಲೆ ವಿಮಾ ಸಂಸ್ಥೆ ಸಂಬಳದ ಒಂದು ಪಾಲು ಕೊಡುತ್ತದೆ. ರಜೆಯಲ್ಲಿದ್ದಾಗ ಜ್ವರ ಬಂದು ವೈದ್ಯರ ಚೀಟಿ ಪಡೆದರೆ ಆ ದಿನಗಳು ರಜೆಯ ಲೆಕ್ಕಕ್ಕೆ ಬರುವುದಿಲ್ಲ, ಮರಳಿ ನಿಮ್ಮ ಖಾತೆಗೇ ಸೇರುತ್ತವೆ. ದುಡಿಯದ ಗಂಡ ಅಥವಾ ಹೆಂಡತಿ, ಮಕ್ಕಳು, ಎಲ್ಲರೂ ಸರ್ಕಾರಿ ಪದ್ಧತಿಯ ಆರೋಗ್ಯ ವಿಮೆಯಲ್ಲಿ ಹೆಚ್ಚಿನ ಕಂತಿಲ್ಲದೆ ಸೇರುತ್ತಾರೆ. ಹೆರಿಗೆಗೋ ಆಪರೇಷನ್ನಿಗೋ ಆಸ್ಪತ್ರೆಗೆ ಹೋದವರು ಬಿಲ್ ಕೌಂಟರಿನ ಮುಂದೆ ನಿಲ್ಲುವ ಪ್ರಸಂಗವೇ ಇಲ್ಲ. ನಮ್ಮಲ್ಲಿ ಒಂದು ದೊಡ್ಡ ಕಾಯಿಲೆ ಇಡೀ ಮನೆತನದ ಉಳಿತಾಯವನ್ನು ನುಂಗಿದ್ದನ್ನು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ದುಡ್ಡು ಕೂಡಿಸಿ ಊರಲ್ಲಿ ಸೈಟು ಕೊಳ್ಳುವ ಆಸೆಯೊಂದೇ ಇದ್ದರೆ ಬರ್ಲಿನ್ ನಿರಾಸೆ ಮಾಡುತ್ತದೆ ಎಂಬುದನ್ನೂ ನೇರವಾಗಿ ಹೇಳಿಬಿಡುತ್ತೇನೆ.

ಇನ್ನು ವಿಳಾಸದ ವಿಚಾರ. ಬರ್ಲಿನ್ನಿನಲ್ಲಿ ಮನೆ ಸಿಕ್ಕ ಮೇಲೆ ಎರಡು ವಾರದೊಳಗೆ ನಗರದ ನಾಗರಿಕ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಜರ್ಮನಿಯ ಇಂಡಿಯನ್ನರೆಲ್ಲ ಕನ್ನಡ, ತೆಲುಗು, ಹಿಂದಿ ಮಾತಿನ ನಡುವೆಯೂ ಇದನ್ನು ‘ಆನ್‌ಮೆಲ್ಡುಂಗ್’ ಎಂದೇ ಕರೆಯುತ್ತಾರೆ. ಇದು ಆದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ತೆರಿಗೆ ಸಂಖ್ಯೆ ಇಲ್ಲದಿದ್ದರೆ ಕಂಪನಿ ಆರನೇ ದರ್ಜೆಯ ತೆರಿಗೆ ಹಿಡಿಯುತ್ತದೆ, ಎಲ್ಲಕ್ಕಿಂತ ಹೆಚ್ಚು ಕಡಿತವಾಗುವ ದರ್ಜೆ ಅದು. ನೋಂದಣಿಗೆ ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕು. ಮನೆ ಕೊಡಲು ಮಾಲೀಕರು ಹಿಂದಿನ ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ, ಸಾಲದ ನಡವಳಿಕೆ ತೋರಿಸುವ ‘ಶೂಫಾ’ ಪತ್ರವನ್ನೂ ಕೇಳುತ್ತಾರೆ. ನಿನ್ನೆ ವಿಮಾನ ಇಳಿದವರ ಬಳಿ ಇವೆರಡೂ ಇರುವುದು ಸಾಧ್ಯವಿಲ್ಲ. ಈ ಸುಳಿಯಿಂದ ಹೊರಬರಲು ಬಹುಪಾಲು ಜನ ಹಿಡಿಯುವ ದಾರಿ ಒಂದೇ: ಮೊದಲ ಕೆಲವು ತಿಂಗಳಿಗೆ ಪೀಠೋಪಕರಣ ಸಮೇತದ ಮನೆಯನ್ನು ದುಬಾರಿ ಬಾಡಿಗೆಗೆ ಹಿಡಿಯುವುದು. ಅಲ್ಲಿ ಆನ್‌ಮೆಲ್ಡುಂಗ್ ಮಾಡಲು ಬಿಡುತ್ತಾರೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಬಿಡದ ಮನೆ ಎಷ್ಟು ಅಗ್ಗವಾದರೂ ಬೇಡ. ಮನೆ ನೋಡುವ ಮುಂಚೆಯೇ ಡಿಪಾಸಿಟ್ ಕಳಿಸಿ, ಬೀಗದ ಕೈ ಕೊರಿಯರ್ ಮಾಡುತ್ತೇವೆ ಎನ್ನುವವರಂತೂ ಮೋಸಗಾರರು, ಅನುಮಾನವೇ ಬೇಡ.

ಇಲ್ಲಿನ ಹಳೆಯ ವಠಾರಗಳ ಬಾಗಿಲಲ್ಲಿ ನಿಂತು ನೋಡಿ. ರಸ್ತೆಯ ಕಡೆಗೆ ಮುಂದಿನ ಮನೆ, ಒಳಗೆ ಅಂಗಳ, ಅಂಗಳ ದಾಟಿದರೆ ಹಿಂದಿನ ಮನೆ, ಅಕ್ಕಪಕ್ಕ ರೆಕ್ಕೆಯಂತೆ ಇನ್ನೊಂದಿಷ್ಟು ಮನೆಗಳು. ನಾಲ್ಕೈದು ಮಹಡಿ, ಹತ್ತಿಪ್ಪತ್ತು ಸಂಸಾರ. ಆದರೆ ಬಾಗಿಲುಗಳ ಮೇಲೆ ಮನೆ ನಂಬರ್ ಇರುವುದೇ ಅಪರೂಪ. ಕರೆಗಂಟೆಯ ಹಲಗೆಯಲ್ಲಿ, ಕೆಳಗಿನ ಅಂಚೆಪೆಟ್ಟಿಗೆಗಳ ಮೇಲೆ ಇರುವುದು ಬರೀ ಹೆಸರು. ಅಂಚೆಯವರು ಲಕೋಟೆಯ ಹೆಸರನ್ನೂ ಪೆಟ್ಟಿಗೆಯ ಹೆಸರನ್ನೂ ತಾಳೆ ನೋಡುತ್ತಾರೆ. ಹೊಂದದಿದ್ದರೆ ಪತ್ರ ವಾಪಸ್. ತೆರಿಗೆ ಸಂಖ್ಯೆ, ವಿಮಾ ಕಾರ್ಡು, ಬ್ಯಾಂಕಿನ ಪಿನ್, ವಲಸೆ ಕಚೇರಿಯ ಪತ್ರ ಎಲ್ಲವೂ ಹೀಗೆ ವಾಪಸಾಗಬಹುದು. ಕನ್ನಡಿಗರಿಗೆ ಇದರಲ್ಲಿ ಹೆಚ್ಚಿನ ಎಚ್ಚರ ಬೇಕು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ, ಊರಿನದೋ ತಂದೆಯದೋ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಷಿಯಲ್ ಹಿಗ್ಗಿ ಹೊಳೆನರಸೀಪುರವೋ ತೀರ್ಥಹಳ್ಳಿಯೋ ಕೊನೆಯ ಹೆಸರಾಗಿ ನಿಂತಿರುತ್ತದೆ. ಜರ್ಮನಿಯ ಸರ್ಕಾರಿ ಪತ್ರಗಳು ಬರುವುದು ಆ ಹೆಸರಿಗೆ. ಪೆಟ್ಟಿಗೆಯ ಮೇಲೆ ‘ಮಂಜು’ ಎಂದು ಚೀಟಿ ಅಂಟಿಸಿದರೆ ಸಾಲದು, ಊರಿನ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳಲ್ಲೇ ಬರೆಯಬೇಕು. ನಾನಿರುವ ವೆಡ್ಡಿಂಗ್ ಬಡಾವಣೆಯಲ್ಲಿ ತುರ್ಕಿ, ಪೋಲಿಷ್, ಅರಬ್ಬಿ ಹೆಸರುಗಳ ನಡುವೆ ನಮ್ಮ ಕಡೆಯ ಊರಿನ ಹೆಸರೊಂದು ಕಂಡಾಗ ಖುಷಿಯಾಗುತ್ತದೆ. ಆ ಮನೆಯವರಿಗೆ ಪತ್ರಗಳು ತಲುಪುತ್ತಿವೆ ಎಂಬ ಸಮಾಧಾನವೂ ಆಗುತ್ತದೆ.

ಕಾಯಂ ಮನೆ ಹುಡುಕುವುದು ಬೇರೆಯೇ ತಪಸ್ಸು. ಬರ್ಲಿನ್ ಬಾಡಿಗೆದಾರರ ಊರು, ಹತ್ತರಲ್ಲಿ ಎಂಟು ಮನೆಗಳಲ್ಲಿ ಇರುವವರು ಬಾಡಿಗೆಯವರೇ. ಒಂದು ಮನೆ ಖಾಲಿಯಾದರೆ ನೋಡಲು ಬಂದವರ ಸಾಲು ಮೆಟ್ಟಿಲಿಳಿದು ಬೀದಿಗೆ ಬರುತ್ತದೆ. 2015ರಿಂದ ಬಾಡಿಗೆಗೆ ಕಡಿವಾಣ ಹಾಕುವ ಕಾನೂನಿದೆ: ಹೊಸಬರಿಗೆ ಕೊಡುವಾಗ ಆ ಪ್ರದೇಶದ ರೂಢಿಯ ಬಾಡಿಗೆಗಿಂತ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. 2014ರ ಅಕ್ಟೋಬರ್ ನಂತರ ಮೊದಲ ಬಾರಿಗೆ ಬಾಡಿಗೆಗೆ ಬಂದ ಹೊಸ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಪೀಠೋಪಕರಣದ ಹೆಸರಿನಲ್ಲಿ ಕಾನೂನಿನಿಂದ ನುಣುಚಿಕೊಳ್ಳುವವರೂ ಬೇಕಾದಷ್ಟಿದ್ದಾರೆ. 2020ರಲ್ಲಿ ಬರ್ಲಿನ್ ಸರ್ಕಾರ ಬಾಡಿಗೆಯನ್ನೇ ಸ್ಥಗಿತಗೊಳಿಸುವ ಸ್ವಂತ ಕಾನೂನು ತಂದಿತು. 2021ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸಾವಿರಾರು ಮನೆಗಳ ಒಡೆತನದ ದೊಡ್ಡ ಕಂಪನಿಗಳಿಂದ ಮನೆಗಳನ್ನು ಸರ್ಕಾರ ವಶಪಡಿಸಿಕೊಳ್ಳಲಿ ಎಂಬ ಜನಮತಕ್ಕೆ ಅರ್ಧಕ್ಕಿಂತ ಹೆಚ್ಚು ಮತದಾರರು ಹೌದು ಎಂದರು. ಜಾರಿಗೆ ಬಂದಿಲ್ಲ, ಆದರೆ ಊರಿನ ಸಿಟ್ಟು ಎಷ್ಟಿದೆ ಎಂಬುದು ಗೊತ್ತಾಯಿತು. ಹೊರಗಿನಿಂದ ಬರುವ ನಾವು ಕೇಳಿದಷ್ಟು ಬಾಡಿಗೆ ಕೊಟ್ಟು ಸುಮ್ಮನಿದ್ದರೆ, ಪಕ್ಕದ ಮನೆಯ ನರ್ಸ್, ಬಸ್ ಚಾಲಕ, ಪಿಂಚಣಿಯ ಅಜ್ಜಿ ಊರಿನ ಅಂಚಿಗೆ ಹೋಗಬೇಕಾಗುತ್ತದೆ. ಬಾಡಿಗೆದಾರರ ಸಂಘಕ್ಕೆ ವರ್ಷದ ಚಂದಾ ಕಟ್ಟಿ ಸದಸ್ಯರಾದರೆ ವಕೀಲರು ನಿಮ್ಮ ಕರಾರುಪತ್ರ ಓದಿ ಹೇಳುತ್ತಾರೆ. ಬಂದ ಮೊದಲ ವರ್ಷವೇ ಸೇರಿ ಎಂಬುದು ನನ್ನ ಆಗ್ರಹ.

ಡಿಪಾಸಿಟ್ ಮೂರು ತಿಂಗಳ ಬರೀ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ. ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ನೆಮ್ಮದಿ ಕೊಡುತ್ತದೆ. ಆ ನೆಮ್ಮದಿ ಅಡುಗೆಮನೆಗೆ ಕಾಲಿಟ್ಟಾಗ ಕರಗಬಹುದು. ಖಾಲಿ ಮನೆ ಎಂದರೆ ಇಲ್ಲಿ ಎಷ್ಟೋ ಸಲ ನಿಜಕ್ಕೂ ಖಾಲಿ. ಕಟ್ಟೆ ಇಲ್ಲ, ಸಿಂಕ್ ಇಲ್ಲ, ಕಪಾಟಿಲ್ಲ. ಗೋಡೆಯಿಂದ ಮುಚ್ಚಳ ಹಾಕಿದ ಎರಡು ನೀರಿನ ನಳಿಕೆ ಹೊರಬಂದಿರುತ್ತವೆ, ಛಾವಣಿಯಿಂದ ಮೂರು ಬಣ್ಣದ ವೈರು ಇಳಿಬಿದ್ದಿರುತ್ತದೆ. ದೀಪವನ್ನೂ ನಾವೇ ತಂದು ಸಿಕ್ಕಿಸಬೇಕು. ಹಿಂದಿನ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ಬಿಚ್ಚಿ ಒಯ್ಯುತ್ತಾರೆ, ಇಲ್ಲವೇ ಮುಂದೆ ಬರುವವರಿಗೆ ಮಾರುತ್ತಾರೆ. ಕರಾರು ಮಾಡುವಾಗ ಅಡುಗೆಮನೆ ಯಾರದು ಎಂದು ಕೇಳುವುದನ್ನು ಮರೆಯಬೇಡಿ.

ವೀಸಾ ಈ ಎಲ್ಲಕ್ಕಿಂತ ಸಲೀಸು. 2000ದ ಫೆಬ್ರುವರಿಯಲ್ಲಿ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಹ್ಯಾನೋವರಿನ ಕಂಪ್ಯೂಟರ್ ಮೇಳದಲ್ಲಿ ಹೊರದೇಶದ ಐಟಿ ತಜ್ಞರಿಗಾಗಿ ‘ಗ್ರೀನ್ ಕಾರ್ಡ್’ ಘೋಷಿಸಿದಾಗ ದೇಶದಲ್ಲಿ ದೊಡ್ಡ ಗದ್ದಲವೆದ್ದಿತ್ತು. ಯುರ್ಗೆನ್ ರ್‍ಯೂಟ್‌ಗರ್ಸ್ ಎಂಬ ರಾಜಕಾರಣಿ ಇಂಡಿಯನ್ನರು ಬೇಡ, ನಮ್ಮ ಮಕ್ಕಳಿಗೇ ಕಲಿಸೋಣ ಎಂಬ ಧಾಟಿಯಲ್ಲಿ ಪ್ರಚಾರ ಮಾಡಿದರು. ಅವರ ರಾಜ್ಯದ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಆ ಕಾರ್ಡಿನ ಅವಧಿ ಗರಿಷ್ಠ ಐದು ವರ್ಷ, ನಂತರ ಏನು ಎಂಬುದಕ್ಕೆ ಖಾತರಿ ಇರಲಿಲ್ಲ. ಅನೇಕರು ಜರ್ಮನಿ ಬಿಟ್ಟು ಅಮೆರಿಕದ ದಾರಿ ಹಿಡಿದರು. 2012ರಲ್ಲಿ ಬಂದ ಬ್ಲೂ ಕಾರ್ಡ್ ಆ ತಪ್ಪನ್ನು ತಿದ್ದಿತು. 2025ರ ಲೆಕ್ಕದಲ್ಲಿ ಐಟಿ ಕೆಲಸಕ್ಕೆ ವರ್ಷಕ್ಕೆ ಸುಮಾರು 43,760 ಯೂರೊ ಸಂಬಳವಿದ್ದರೆ ಅದು ಸಿಗುತ್ತಿತ್ತು. 2023ರ ನವೆಂಬರಿನಿಂದ ಪದವಿ ಇಲ್ಲದ, ಆದರೆ ಸಾಕಷ್ಟು ಅನುಭವವಿರುವ ಐಟಿಯವರಿಗೂ ಬಾಗಿಲು ತೆರೆದಿದೆ. ಪದವಿ ಇರುವವರು ‘ಅನಾಬಿನ್’ ಎಂಬ ಸರ್ಕಾರಿ ಪಟ್ಟಿಯಲ್ಲಿ ತಮ್ಮ ವಿಶ್ವವಿದ್ಯಾಲಯವನ್ನೂ ಪದವಿಯನ್ನೂ ಹುಡುಕಿ, ಆ ಪುಟವನ್ನು ಅರ್ಜಿಗೆ ಲಗತ್ತಿಸಬೇಕು. 2024ರ ಅಕ್ಟೋಬರಿನಲ್ಲಿ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ ಹೇಳಿತು. ಕರೆಯುವುದರಲ್ಲಿ ಈ ದೇಶ ಈಗ ಹಿಂದೆ ಬಿದ್ದಿಲ್ಲ.

ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಕೆಲಸ ಹೋಗುವ ದಿನದ ಬಗ್ಗೆ. ಬರ್ಲಿನ್ನಿನ ಸ್ಟಾರ್ಟ್‌ಅಪ್‌ಗಳು ಬೇಗ ಬೆಳೆಯುತ್ತವೆ, ಬೇಗ ಜನರನ್ನು ತೆಗೆಯುತ್ತವೆ. ಬೆಂಗಳೂರಿನಲ್ಲಿ ಇಂಥ ದಿನ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಎಚ್‌ಆರ್ ಒಂದು ಕೋಣೆಗೆ ಕರೆದು ‘ನೀವೇ ರಾಜೀನಾಮೆ ಕೊಟ್ಟುಬಿಡಿ, ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತೆ’ ಎನ್ನುತ್ತಾರೆ. ನಾವು ಸಹಿ ಹಾಕಿ ಹೊರಬರುತ್ತೇವೆ. ಆ ಅಭ್ಯಾಸವನ್ನು ಜರ್ಮನಿಗೆ ತರಬೇಡಿ. ಇಲ್ಲಿ ವಜಾ ಆದೇಶ ಕಾಗದದ ಮೇಲೆ, ಮಸಿಯ ಸಹಿಯೊಂದಿಗೆ ಕೈ ಸೇರಬೇಕು. ಇಮೇಲಿಗೂ ವಿಡಿಯೊ ಕಾಲಿಗೂ ಬೆಲೆ ಇಲ್ಲ. ಅದು ಕೈ ಸೇರಿದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು. ಆ ಗಡುವು ದಾಟಿದರೆ ತಪ್ಪು ವಜಾ ಕೂಡ ಸರಿಯಾದದ್ದೆಂದೇ ಲೆಕ್ಕ. ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಡೆ ಆರು ತಿಂಗಳು ದಾಟಿದವರನ್ನು ಕಾರಣವಿಲ್ಲದೆ ತೆಗೆಯುವಂತಿಲ್ಲ, ಹೀಗಾಗಿ ಬಹಳಷ್ಟು ಪ್ರಕರಣಗಳು ಪರಿಹಾರದ ಹಣ ಕೊಟ್ಟು ಇತ್ಯರ್ಥವಾಗುತ್ತವೆ. ಕಂಪನಿ ಮುಂದಿಡುವ ಪರಸ್ಪರ ಒಪ್ಪಿಗೆಯ ಪತ್ರಕ್ಕೆ ಅವಸರದಲ್ಲಿ ಸಹಿ ಹಾಕಿದರೆ, ಕೆಲಸವನ್ನು ನೀವೇ ಬಿಟ್ಟಂತೆ ಎಣಿಸಿ ನಿರುದ್ಯೋಗ ಭತ್ಯೆಯನ್ನು ಹನ್ನೆರಡು ವಾರಗಳವರೆಗೆ ತಡೆಹಿಡಿಯಬಹುದು. ಸಹಿಗೆ ಮುಂಚೆ ಸಮಯ ಕೇಳಿ, ಪತ್ರವನ್ನು ಮನೆಗೆ ತನ್ನಿ, ವಕೀಲರಿಗೆ ತೋರಿಸಿ.

ವಜಾ ಪತ್ರ ಬಂದ ಮೂರು ದಿನದೊಳಗೆ ಉದ್ಯೋಗ ಕಚೇರಿಗೆ ತಿಳಿಸಬೇಕು. ಕೆಲಸ ನಿಗದಿಗಿಂತ ಮೊದಲೇ ಮುಗಿಯುತ್ತದೆಂದು ಗೊತ್ತಾದ ಎರಡು ವಾರದೊಳಗೆ ವಲಸೆ ಕಚೇರಿಗೂ ತಿಳಿಸಬೇಕು. ಹಿಂದಿನ ಮೂವತ್ತು ತಿಂಗಳಲ್ಲಿ ಹನ್ನೆರಡು ತಿಂಗಳು ವಿಮೆ ಕಟ್ಟಿದ್ದರೆ ಕೈಗೆ ಬರುತ್ತಿದ್ದ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67 ಭತ್ಯೆ ಬರುತ್ತದೆ. ‘ಸರ್ಕಾರದ ದುಡ್ಡು ತಗೊಂಡ್ರೆ ವೀಸಾಗೆ ತೊಂದರೆ ಆಗಲ್ವಾ?’ ಎಂದು ಹೆದರಿ ಅರ್ಜಿಯನ್ನೇ ಹಾಕದವರನ್ನು ನಾನು ಬಲ್ಲೆ. ಇದು ದಾನವಲ್ಲ, ಪ್ರತಿ ತಿಂಗಳೂ ಅವರ ಸಂಬಳದಿಂದ ಮುರಿದುಕೊಂಡ ವಿಮೆಯ ಹಣ. ಅದನ್ನು ಪಡೆಯಲು ಸಂಕೋಚ ಬೇಡ. ಬ್ಲೂ ಕಾರ್ಡಿನವರು 27 ತಿಂಗಳು ಪಿಂಚಣಿ ವಿಮೆ ಕಟ್ಟಿ ಜರ್ಮನ್ ಭಾಷೆಯ ಮೊದಲ ಹಂತ ಮುಗಿಸಿದರೆ ಶಾಶ್ವತ ವಾಸದ ಪರವಾನಗಿ ಕೇಳಬಹುದು. ಬಿ1 ಹಂತ ತಲುಪಿದವರಿಗೆ 21 ತಿಂಗಳೇ ಸಾಕು. ಆ ಪರವಾನಗಿ ಸಿಕ್ಕ ಮೇಲೆ ಕೆಲಸ ಹೋದರೂ ನೆಲೆ ಹೋಗುವುದಿಲ್ಲ. ಆರು ತಿಂಗಳ ಅಂತರವನ್ನು ಭಾಷೆ ಕಲಿತು ಗಳಿಸಬಹುದು ಎಂದಮೇಲೆ ಸಂಜೆಯ ತರಗತಿಗೆ ಹೋಗದಿರಲು ಕಾರಣವೇ ಇಲ್ಲ. ಬೆಂಗಳೂರಿನ ಇಂದಿರಾನಗರದಲ್ಲಿ ಗೋಯ್ಥೆ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನವಿದೆ, ವೀಸಾಕ್ಕೆ ಕಾಯುವ ತಿಂಗಳುಗಳಲ್ಲೇ ಶುರು ಮಾಡಬಹುದು. ಬರ್ಲಿನ್ನಿನ ಹನ್ನೆರಡು ಜಿಲ್ಲೆಗಳಲ್ಲೂ ನಗರದ್ದೇ ಆದ ಜನಶಿಕ್ಷಣ ಶಾಲೆಗಳಿವೆ, ಫೀಸು ಕೈಗೆಟಕುವಂಥದ್ದು. ಆಫೀಸಿನಲ್ಲಿ ಮೀಟಿಂಗು, ಕೋಡು, ಊಟದ ಹರಟೆ ಎಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ ಜರ್ಮನ್ ಬೇಡವೆನ್ನಿಸುತ್ತದೆ. ಮನೆಗೆ ಬರುವ ಒಂದು ಪತ್ರವೂ ಇಂಗ್ಲಿಷಿನಲ್ಲಿರುವುದಿಲ್ಲ.

ಜೊತೆಗೆ ಬರುವವರ ಪಾಡು ಇದಕ್ಕಿಂತ ಕಠಿಣ. ಬ್ಲೂ ಕಾರ್ಡಿನವರ ಪತ್ನಿ ಅಥವಾ ಪತಿಗೆ ಭಾಷಾ ಪರೀಕ್ಷೆಯ ಷರತ್ತಿಲ್ಲ, ಬಂದ ದಿನದಿಂದಲೇ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕಿದೆ. ಅಮೆರಿಕದಲ್ಲಿ ವರ್ಷಗಟ್ಟಲೆ ಮನೆಯಲ್ಲಿ ಕೂರುವ ಸ್ಥಿತಿಗೆ ಹೋಲಿಸಿದರೆ ಇದು ದೊಡ್ಡ ಉದಾರತೆ. ಆದರೆ ಹಕ್ಕು ಇದ್ದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಎಂಜಿನಿಯರ್ ಆಗಿದ್ದರೆ ಸರಿ. ಬಿಎಡ್ ಮಾಡಿ ಹತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ ಟೀಚರ್ ಆಗಿದ್ದರೆ? ದಂತವೈದ್ಯೆ, ವಕೀಲೆ, ಬ್ಯಾಂಕಿನ ಅಧಿಕಾರಿ ಆಗಿದ್ದರೆ? ವೈದ್ಯರು ಸಿ1 ಮಟ್ಟದ ವೈದ್ಯಕೀಯ ಜರ್ಮನ್ ಪರೀಕ್ಷೆ ದಾಟಬೇಕು, ಪದವಿಗೆ ಮಾನ್ಯತೆ ಪಡೆಯಬೇಕು, ವರ್ಷಗಳು ಹಿಡಿಯುತ್ತವೆ. ನವೆಂಬರ್ ಬಂತೆಂದರೆ ನಾಲ್ಕು ಗಂಟೆಗೇ ಕತ್ತಲು, ಡಿಸೆಂಬರಿನ ಕೊನೆಯಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಒಬ್ಬರು ಆಫೀಸಿನಲ್ಲಿ, ಇನ್ನೊಬ್ಬರು ಆ ಕತ್ತಲ ಮನೆಯಲ್ಲಿ. ಊರಿನಲ್ಲಿ ನಾಲ್ಕು ಜನ ‘ಮೇಡಂ’ ಎಂದು ಎದ್ದು ನಿಲ್ಲುತ್ತಿದ್ದವರು ಇಲ್ಲಿ ಬೇಕರಿಯಲ್ಲಿ ಬ್ರೆಡ್ ಕೇಳಲು ತಡವರಿಸುತ್ತಾರೆ. ಬರ್ಲಿನ್ ಬಿಟ್ಟು ವಾಪಸಾದ ಸಂಸಾರಗಳನ್ನು ಕೇಳಿದರೆ ಸಂಬಳದ ಮಾತಿಗಿಂತ ಈ ಮಾತೇ ಹೆಚ್ಚು ಬರುತ್ತದೆ.

ಇದಕ್ಕೆ ಉಪಾಯವನ್ನು ಹೊರಡುವ ಮೊದಲೇ ಮಾಡಬೇಕು. ಮನೆಯಲ್ಲಿ ಒಬ್ಬರಿಗಷ್ಟೇ ಜರ್ಮನ್ ತರಗತಿಗೆ ಹೋಗಲು ಪುರುಸೊತ್ತು, ದುಡ್ಡು ಇದೆ ಎಂದಾದರೆ ಹೋಗಬೇಕಾದವರು ಎಂಜಿನಿಯರ್ ಅಲ್ಲ, ಜೊತೆಗೆ ಬರುವವರು. ಸರ್ಕಾರ ನಡೆಸುವ ಏಕೀಕರಣ ಕೋರ್ಸಿನಲ್ಲಿ ಭಾಷೆಗೆ 600 ಪಾಠ, ದೇಶದ ಕಾನೂನು, ಚರಿತ್ರೆ, ಸಮಾಜದ ಪರಿಚಯಕ್ಕೆ 100 ಪಾಠ ಇರುತ್ತವೆ. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಪಡೆಯುವ ಕಾನೂನುಬದ್ಧ ಹಕ್ಕಿದೆ. ಬರ್ಲಿನ್ನಿನಲ್ಲಿ 2018ರಿಂದ ಅದು ಉಚಿತ, ಊಟದ ಸಣ್ಣ ಶುಲ್ಕ ಮಾತ್ರ. ಮಗು ಅಲ್ಲಿಗೆ ಹೋದರೆ ತಾಯಿಗೆ ತರಗತಿಗೆ ಹೋಗಲು ಬೆಳಗಿನ ಹೊತ್ತು ಸಿಗುತ್ತದೆ. ಮಗು ಬೇಗ ಜರ್ಮನ್ ಮಾತಾಡತೊಡಗುತ್ತದೆ, ಮನೆಯಲ್ಲಿ ಅದರ ಜೊತೆ ಕನ್ನಡವನ್ನೇ ಆಡಿ. ಜರ್ಮನ್ ಕಲಿಸಲು ಇಡೀ ಊರಿದೆ, ಕನ್ನಡ ಕಲಿಸಲು ನೀವಿಬ್ಬರೇ.

ಕೊನೆಗೆ ಎಲ್ಲರನ್ನೂ ಕಾಡುವುದು ಅಪ್ಪ ಅಮ್ಮನ ಪ್ರಶ್ನೆ. ಪ್ರವಾಸಿ ವೀಸಾದಲ್ಲಿ ಬಂದರೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. 2024ರ ಮಾರ್ಚ್ 1ರಿಂದೀಚೆಗೆ ಮೊದಲ ಪರವಾನಗಿ ಪಡೆದ ಕುಶಲ ಕೆಲಸಗಾರರು ತಂದೆ ತಾಯಿಯನ್ನು ಕರೆಸಿಕೊಳ್ಳಬಹುದು ಎಂದು ಕಾನೂನು ಬದಲಾಯಿತು. ಈ ಸುದ್ದಿ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬದಂತೆ ಹರಡಿತು. ತೊಡಕಿರುವುದು ಆರೋಗ್ಯ ವಿಮೆಯಲ್ಲಿ. ಹೆಂಡತಿ ಮಕ್ಕಳನ್ನು ಸೇರಿಸಿಕೊಳ್ಳುವ ಸರ್ಕಾರಿ ಪದ್ಧತಿಯ ವಿಮೆ ತಂದೆ ತಾಯಿಯನ್ನು ಸೇರಿಸಿಕೊಳ್ಳುವುದಿಲ್ಲ. ಅರವತ್ತೈದು ದಾಟಿದ, ಬಿಪಿ ಸಕ್ಕರೆ ಕಾಯಿಲೆ ಇರುವವರಿಗೆ ಖಾಸಗಿ ವಿಮೆ ಸಿಗುವುದು ಕಷ್ಟ, ಸಿಕ್ಕರೂ ಕಂತು ಕೈ ಸುಡುತ್ತದೆ. ವಿಮೆ ಇಲ್ಲದೆ ವೀಸಾ ಇಲ್ಲ. ‘ಬನ್ನಿ ಅಪ್ಪ, ಇಲ್ಲೇ ಇರೋಣ’ ಎಂದು ಮಾತು ಕೊಡುವ ಮುಂಚೆ ವಿಮೆಯ ಕಂತು ಎಷ್ಟು ಎಂದು ವಿಚಾರಿಸಿ. ಈ ಕಾರಣಕ್ಕೇ ನಲವತ್ತರ ಆಸುಪಾಸಿನಲ್ಲಿ ಅನೇಕರು ದಾವಣಗೆರೆಗೋ ಶಿವಮೊಗ್ಗಕ್ಕೋ ಹಿಂದಿರುಗುತ್ತಾರೆ, ಅದರಲ್ಲಿ ಸೋಲೇನೂ ಇಲ್ಲ.

ಹಾಗೆ ಹೋಗುವವರು ಜರ್ಮನಿಯಲ್ಲಿ ಕಟ್ಟಿದ ಪಿಂಚಣಿ ಹಣ ಮುಳುಗಿತೆಂದು ಕೈ ತೊಳೆದುಕೊಳ್ಳಬಾರದು. ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಜರ್ಮನ್ ಪಿಂಚಣಿಗೆ ಕನಿಷ್ಠ ಐದು ವರ್ಷದ ವಂತಿಗೆ ಬೇಕು. ಅಷ್ಟು ತುಂಬದವರು ಭಾರತದಲ್ಲಿ ಉದ್ಯೋಗಿ ಪಿಂಚಣಿ ಯೋಜನೆಗೆ ಕಟ್ಟಿದ ಕಾಲವನ್ನೂ ಅರ್ಹತೆಗೆ ಸೇರಿಸಿ ಎಣಿಸಲು ಒಪ್ಪಂದದಲ್ಲಿ ಅವಕಾಶವಿದೆ, ವಯಸ್ಸಾದ ಮೇಲೆ ಹಣ ಭಾರತದ ಖಾತೆಗೇ ಬರಬಹುದು. ಅದಕ್ಕೆ ಬೇಕಾದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಚೆಯಲ್ಲಿ ಬಂದ ಪಿಂಚಣಿ ವಿಮಾ ಸಂಖ್ಯೆಯ ಪತ್ರ ಮತ್ತು ಪ್ರತಿ ವರ್ಷ ಕಂಪನಿ ಕೊಡುವ ವಂತಿಗೆಯ ವಿವರ. ಮನೆ ಖಾಲಿ ಮಾಡುವಾಗ ಸಾಮಾನಿನ ಜೊತೆ ಆ ಫೈಲನ್ನು ಹಡಗಿಗೆ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ವಿಳಾಸ ಬದಲಾದರೆ ಪಿಂಚಣಿ ಕಚೇರಿಗೆ ಪತ್ರ ಬರೆದು ಊರಿನ ವಿಳಾಸ ಕೊಡಿ.